ಸೂಜಿ ಹಿಡಿತ

ಚೆಂಡಿನ ಕಾರ್ಖಾನೆಯ ಹೊಲಿಗೆ ಕೋಣೆಗೆ ಹೊಸಬರು ಯಾರೇ ಬರಲಿ, ಮೊದಲ ದಿನ ಅವರ ಕಿವಿಗೆ ಹಾಕುತ್ತಿದ್ದ ಮಾತು ಒಂದೇ: ಗಂಟು ಕಾಣಬಾರದು. ಬೇಸ್‌ಬಾಲ್ ಚೆಂಡಿಗೆ ನೂರ ಎಂಟು ಜೋಡಿ ಹೊಲಿಗೆ. ಕೆಂಪು ದಾರ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಚೆಂಡು ಕೈಗೆತ್ತಿಕೊಂಡವರಿಗೆ ತಿಳಿಯಕೂಡದು. ಮೊದಲ ಗಂಟನ್ನೂ ಕೊನೆಯ ಗಂಟನ್ನೂ ತೊಗಲಿನಡಿಗೆ ನೂಕಿ, ಮೇಲೆ ಹೆಬ್ಬೆರಳಿಂದ ತೀಡಬೇಕು. ಗಂಟು ಇಣುಕಿತೋ, ಆ ಚೆಂಡು ಕಸದ ಡಬ್ಬಿಗೆ.

ಅಕ್ಕನಿಗೆ ಈ ಮಾತು ಹೇಳಿದಾಗ ಅವಳಿಗೆ ಹದಿನೇಳು. ಈಗ ನಲವತ್ತಾರು. ಇಷ್ಟು ವರ್ಷಗಳಲ್ಲಿ ಗಂಟಿನ ನೆಪದಲ್ಲಿ ಅವಳ ಚೆಂಡು ಒಂದು ಸಲವೂ ವಾಪಸ್ಸು ಬಂದಿರಲಿಲ್ಲ. ಕಾರ್ಖಾನೆಯಲ್ಲಿ ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು.

ನೋಡುವವರಿಗೆ ಕಂಡಷ್ಟು ಸುಲಭದ ಕೆಲಸವಲ್ಲ ಅದು. ಉಣ್ಣೆಯ ನೂಲು ಸುತ್ತಿದ ಗುಂಡಿನ ಮೇಲೆ ಒದ್ದೆ ತೊಗಲಿನ ಎರಡು ತುಂಡು ಹೊದಿಸಿ, ಮರದ ಇಕ್ಕಳದಲ್ಲಿ ಸಿಕ್ಕಿಸಿ, ಇಕ್ಕಳವನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಕೂರಬೇಕು. ಎರಡು ಕೈಗೂ ಒಂದೊಂದು ಸೂಜಿ. ತೂತಿಗೆ ಹಾಕು, ಕೈ ಎರಡನ್ನೂ ಅಗಲಕ್ಕೆ ಚಾಚಿ ಎಳೆ, ಮತ್ತೆ ಹಾಕು. ನಲವತ್ತು ಹೆಂಗಸರು ಒಟ್ಟಿಗೆ ಕೈ ಚಾಚಿದಾಗ ಬಾಗಿಲಲ್ಲಿ ನಿಂತವರಿಗೆ ಹಕ್ಕಿಯ ಹಿಂಡೇ ರೆಕ್ಕೆ ಬಿಚ್ಚಿದ ಹಾಗೆ ಕಾಣುತ್ತಿತ್ತಂತೆ. ಒಳಗೆ ಕೂತವರಿಗೆ ಹಾಗೇನೂ ಅನ್ನಿಸುತ್ತಿರಲಿಲ್ಲ.

ಇಪ್ಪತ್ತೊಂಬತ್ತು ವರ್ಷ ಸೂಜಿ ಹಿಡಿದ ಬಲಗೈಯ ಹೆಬ್ಬೆರಳು, ತೋರುಬೆರಳು ಈಚೆಗೆ ಒಂದನ್ನೊಂದು ಬಿಡಲೊಲ್ಲೆ ಎನ್ನುತ್ತಿದ್ದವು. ಸೂಜಿ ಇಲ್ಲದಾಗಲೂ ಸೂಜಿ ಹಿಡಿದಂತೆಯೇ ಅಂಟಿಕೊಂಡಿರುತ್ತಿದ್ದವು. ಬೆಳಿಗ್ಗೆ ಬಿಸಿನೀರಿಗೆ ಅದ್ದಿ ಎಡಗೈಯಿಂದ ಬಿಡಿಸಿದರೆ ಗಂಟೆ ಹೊತ್ತು ಸಡಿಲ, ಆಮೇಲೆ ಮತ್ತೆ ಹಳೇ ಜಾಗಕ್ಕೆ. ಕಾರ್ಖಾನೆಯ ಡಾಕ್ಟರು ಆ ಕೈ ತಿರುಗಿಸಿ ನೋಡಿ, "ಇನ್ನೊಂದು ವರ್ಷ ಸೂಜಿ ಹಿಡಿದ್ರೆ ಇದು ಬಿಚ್ಚೋದೇ ಇಲ್ಲಮ್ಮ. ಬೇರೆ ಏನಾದ್ರೂ ಕೆಲಸ ನೋಡ್ಕೊಳ್ಳಿ," ಎಂದರು. ಬೇರೆ ಏನು ಎಂದು ಅವರು ಹೇಳಲಿಲ್ಲ.

ಪಕ್ಕದ ಬೆಂಚಿನ ಕನ್ನಡಕದವಳು, ಅಕ್ಕನ ಜೊತೆಗೇ ಕೆಲಸಕ್ಕೆ ಸೇರಿದವಳು, ಅದನ್ನು ಕೇಳಿ ನಕ್ಕಳು. "ಬೇರೆ ಕೆಲಸ ಅಂದ್ರೆ ಏನೇ? ಸಾರಿಗೆ ಉಪ್ಪು ಉದುರಿಸೋದಾ? ಆ ಎರಡು ಬೆರಳಿಗೆ ಅದೊಂದೇ ಸರಿ."

ಅಕ್ಕನೂ ನಕ್ಕಳು. ನಗದೆ ಇನ್ನೇನು ಮಾಡುವುದು?

ತಮ್ಮ ಅವಳಿಗಿಂತ ಹದಿಮೂರು ವರ್ಷ ಚಿಕ್ಕವನು. ಬೇಸ್‌ಬಾಲ್ ಕ್ಲಬ್ಬಿನ ತಂಡದಲ್ಲಿ ಎಸೆಗಾರ. ಅವನ ಕೈ ಬಿಟ್ಟ ಚೆಂಡು ಕಣ್ಣಿಗೆ ಕಾಣುವುದಿಲ್ಲ ಎಂದು ಜನ ಅವನನ್ನು ಮಿಂಚು ಎಂದು ಕರೆಯುತ್ತಿದ್ದರು. ಆ ಮಿಂಚು ಹುಟ್ಟಿದ್ದು ಲಾಂಡ್ರಿಯ ಹಿಂದಿನ ಓಣಿಯಲ್ಲಿ. ನೀರಿನ ಪೈಪಿನ ಪಕ್ಕ ಗೋಡೆಗೆ ಸೀಮೆಸುಣ್ಣದಲ್ಲಿ ಚೌಕ ಬರೆದು, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಹಳೇ ದಪ್ಪ ಗ್ಲೌಸು ಒಡ್ಡಿ ಅವನ ಚೆಂಡು ಹಿಡಿದವಳು ಅಕ್ಕ. ಒಂದು ವರ್ಷವಲ್ಲ, ಎರಡು ವರ್ಷವಲ್ಲ. ಅವನಿಗೆ ಮೀಸೆ ಬಂತು, ತಂಡ ಬಂತು, ಹೆಂಡತಿ ಬಂದಳು. ಭಾನುವಾರ ಬೆಳಿಗ್ಗೆ ಓಣಿಗೆ ಬಂದು, "ಅಕ್ಕಾ, ಬಾರೇ," ಎಂದು ಕೂಗುವುದು ಮಾತ್ರ ತಪ್ಪಲಿಲ್ಲ. ಅಕ್ಕನ ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ಬಂದ ದಾರಿಯಲ್ಲೇ ಹೋಗಿತ್ತು.

ಮೂವತ್ತಮೂರಕ್ಕೆ ಮಿಂಚಿನ ಭುಜ ಕೈಕೊಟ್ಟಿತು. ಚೆಂಡು ಎಲ್ಲರ ಕಣ್ಣಿಗೂ ಕಾಣತೊಡಗಿತು. ತಂಡದ ಕೋಚ್ ಹೆಚ್ಚು ಮಾತಿನವರಲ್ಲ. ಸದಾ ಬಾಯಲ್ಲಿ ಸೀಟಿ ಕಚ್ಚಿಕೊಂಡಿರುತ್ತಿದ್ದರಿಂದ ಅವರಿಗೆ ಸೀಟಿ ಸಾಹೇಬರು ಎಂದೇ ಹೆಸರು. ಒಂದು ದಿನ ಅವರು ಸೀಟಿಯನ್ನು ಬಾಯಿಂದ ತೆಗೆದು, "ನಿನ್ನ ಹತ್ರ ವೇಗ ಉಳಿದಿಲ್ಲ. ನಿಧಾನ ಇದ್ಯಾ? ಅದಾದ್ರೂ ತೋರ್ಸು. ಆರು ವಾರ ಟೈಮು. ಇಲ್ದಿದ್ರೆ ಪಟ್ಟಿಯಿಂದ ಹೆಸರು ತೆಗೀತೀನಿ," ಎಂದರು.

ನಿಧಾನದ ಚೆಂಡು ಎಂದರೆ ಮೆಲ್ಲಗೆ ಎಸೆಯುವುದಲ್ಲ. ಮೆಲ್ಲಗೆ ಯಾರು ಬೇಕಾದರೂ ಎಸೆದಾರು. ಚೇಂಜಪ್ ಎಂದು ಕರೆಯುವ ಆ ಎಸೆತದಲ್ಲಿ ತೋಳು ಬೀಸುವುದು ವೇಗದ ಚೆಂಡಿಗೆ ಬೀಸಿದ ಹಾಗೇ ಇರಬೇಕು. ಚೆಂಡು ಮಾತ್ರ ಹಿಂದೆ ಉಳಿಯಬೇಕು. ದಾಂಡಿಗ ಬ್ಯಾಟು ಬೀಸಿ ಮುಗಿಸಿದ ಮೇಲೆ ಅದು ಬಂದು ಮೊಣಕಾಲಿನ ಹತ್ತಿರ ಇಳಿಯಬೇಕು. ಆ ಮೋಸವೆಲ್ಲ ಇರುವುದು ಬೆರಳಿನಲ್ಲಿ, ಚೆಂಡು ಹಿಡಿಯುವ ಬಗೆಯಲ್ಲಿ.

ಮಿಂಚು ಮೊದಲು ಚೆಂಡನ್ನು ಅಂಗೈಗೆ ಒತ್ತಿ ಹಿಡಿದ. ಅದು ಗೋಡೆ ಹಾರಿ ಲಾಂಡ್ರಿಯವನು ಒಣಹಾಕಿದ್ದ ಚಾದರಗಳ ನಡುವೆ ಬಿತ್ತು. ನಾಲ್ಕು ಬೆರಳು ಹರಡಿ ಹಿಡಿದ. ಕೈಯಿಂದ ಜಾರಿ ಅವನ ಕಾಲ ಬಳಿಯೇ ಕುಪ್ಪಳಿಸಿತು. ಎರಡು ಬೆರಳ ನಡುವೆ ಸಿಕ್ಕಿಸಿ ನೋಡಿದ, ಹೊಲಿಗೆಯ ಮೇಲೆ ಬೆರಳಿಟ್ಟು ನೋಡಿದ, ಹೊಲಿಗೆ ಬಿಟ್ಟು ನೋಡಿದ. ಮೂರು ಭಾನುವಾರ ಹೀಗೇ ಹೋಯಿತು. ಲಾಂಡ್ರಿಯವನು ಕಿಟಕಿಯಿಂದ ತಲೆ ಹಾಕಿ, "ಏನ್ರೀ ಮಿಂಚು, ಈಗ ಬರೀ ಗುಡುಗಾ?" ಎಂದ.

ಸಿಟ್ಟಿಗೆ ಮಿಂಚು ಅಕ್ಕನ ಮೇಲೆ ಹರಿಹಾಯ್ದ. "ನೀನಾದ್ರೂ ನೆಟ್ಟಗೆ ಎಸಿಬಾರ್ದೇನೇ? ನೀನು ವಾಪಸ್ ಎಸಿಯೋ ಚೆಂಡು ಒಂದಾದ್ರೂ ಕೈಗೆ ಸಿಗುತ್ತಾ?"

ಅಕ್ಕ ಎದ್ದು ನಿಂತಳು. ಅವನು ಹೇಳಿದ್ದು ನಿಜ. ಆ ಬೆಳಿಗ್ಗೆ ಅವಳು ಹಿಂತಿರುಗಿಸಿದ ಚೆಂಡನ್ನು ಅವನು ನಾಲ್ಕು ಸಲ ಬಿಟ್ಟಿದ್ದ. ನಾಲ್ಕು ಸಲವೂ ಅವನ ಗ್ಲೌಸು ಮೊದಲೇ ಮುಚ್ಚಿಕೊಂಡು, ಚೆಂಡು ಆಮೇಲೆ ಬಂದು ಅದರ ಬುಡಕ್ಕೆ ತಾಗಿ ಬಿದ್ದಿತ್ತು. ಇಪ್ಪತ್ತು ವರ್ಷ ಆಡಿದ ಕೈ ಹಾಗೇಕೆ ಅವಸರಪಡುತ್ತದೆ?

ಅವಳು ತನ್ನ ಬಲಗೈ ನೋಡಿಕೊಂಡಳು. ಹೆಬ್ಬೆರಳು, ತೋರುಬೆರಳು ಸೂಜಿ ಹಿಡಿದಂತೆ ಸುತ್ತು ಹಾಕಿಕೊಂಡು ಕೂತಿದ್ದವು. ಚೆಂಡಿದ್ದದ್ದು ಉಳಿದ ಮೂರು ಬೆರಳುಗಳ ಮೇಲೆ.

"ಅಲ್ಲೇ ನಿಂತ್ಕೋ. ಗ್ಲೌಸು ಒಡ್ಡು," ಎಂದಳು. ತೋಳು ಪೂರ್ತಿ ಬೀಸಿ ಎಸೆದಳು. ಅವನ ಗ್ಲೌಸು ಪಟ್ಟನೆ ಮುಚ್ಚಿತು. ಚೆಂಡು ಆಮೇಲೆ ಬಂದು, ಮೆಟ್ಟಿಲು ಇಳಿದಂತೆ ಇಳಿದು, ಅವನ ಮೊಣಕಾಲಿಗೆ ಬಡಿಯಿತು.

"ಅಯ್ಯೋ!" ಎಂದ ಮಿಂಚು. ಆಮೇಲೆ ಮೊಣಕಾಲು ಉಜ್ಜುತ್ತಾ, "ಅಕ್ಕಾ, ಇನ್ನೊಂದ್ಸಲ ಎಸಿ," ಎಂದ.

ಮುಂದಿನ ಮೂರು ವಾರ ಇಬ್ಬರಿಗೂ ಬೇರೆ ಲೋಕವಿರಲಿಲ್ಲ. ಅವಳ ಬೆರಳು ತಾನಾಗಿ ಮಾಡುತ್ತಿದ್ದುದನ್ನು ಅವನ ಬೆರಳಿಗೆ ಹೇಳಿಕೊಡಬೇಕಾಗಿತ್ತು. ಅವನ ತೋರುಬೆರಳು ಸುಮ್ಮನಿರದೆ ಚೆಂಡಿನ ಮೇಲೆ ಹೋಗಿ ಕೂರುತ್ತಿತ್ತು. ಅಕ್ಕ ಅವನ ಹೆಬ್ಬೆರಳು, ತೋರುಬೆರಳಿನ ನಡುವೆ ನಿಜವಾದ ಸೂಜಿಯನ್ನೇ ಇಟ್ಟಳು. "ಬೀಳ್ಸಬೇಡ. ಸೂಜಿ ಹಿಡ್ಕೊಂಡು ಚೆಂಡು ಎಸಿ." ಒಂದು ದಿನ ಚುಚ್ಚಿಸಿಕೊಂಡ, ಎರಡನೇ ದಿನ ಬೈದ, ಮೂರನೇ ದಿನ ಕಲಿತ. ಯಾವ ಹೊಲಿಗೆಯ ಮೇಲೆ ನಡುಬೆರಳು ಕೂತರೆ ಚೆಂಡು ಎತ್ತ ಜಾರುತ್ತದೆ ಎಂದು ಅಕ್ಕ ಒಂದೊಂದೇ ನೋಡಿ ಹೇಳುತ್ತಿದ್ದಳು. ನೂರ ಎಂಟು ಹೊಲಿಗೆಯೂ ಅವಳಿಗೆ ಮನೆಮಂದಿಯ ಹಾಗೆ ಪರಿಚಯ. ಚೆಂಡು ಹಿಡಿಯುವ ಆ ಬಗೆಗೆ ಅವಳು ಸೂಜಿ ಹಿಡಿತ ಎಂದು ಹೆಸರಿಟ್ಟಳು.

ಮಾತು ಕೊಟ್ಟವನು ಅವನೇ. ಅವಳು ಕೇಳಿರಲಿಲ್ಲ. ಓಣಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವಾಗ ತಾನಾಗಿ ಹೇಳಿದ: "ಅಕ್ಕಾ, ಕ್ಲಬ್ಬಲ್ಲಿ ಹೊಸ ಎಸೆಗಾರರಿಗೆ ಹೇಳಿಕೊಡ್ತಿದ್ದ ಮುದುಕಪ್ಪ ಬಿಟ್ಟುಹೋಗಿದಾರೆ. ಚೆಂಡಿನ ಮರ್ಮ ಗೊತ್ತಿರೋರು ಯಾರಾದ್ರೂ ಇದ್ರೆ ಕರ್ಕೊಂಬನ್ನಿ ಅಂತ ಸೀಟಿ ಸಾಹೇಬ್ರು ಎಲ್ರನ್ನೂ ಕೇಳ್ತಿದಾರೆ. ನನ್ನ ಹೆಸರು ಪಟ್ಟೀಲಿ ಉಳೀಲಿ, ಆವತ್ತೇ ಹೇಳ್ತೀನಿ. ಇದು ನಮ್ಮಕ್ಕಂದು ಅಂತ. ನೀನು ಅಂಗಳದಲ್ಲಿ ಕುರ್ಚಿ ಹಾಕ್ಕೊಂಡು ಕೂತ್ಕೊ, ಕೈಯಲ್ಲೊಂದು ಚೆಂಡು ಇಟ್ಕೊ. ಸೂಜಿ ಗೀಜಿ ಎಲ್ಲ ಬಿಟ್ಬಿಡು."

ಅಕ್ಕ, "ಸಾಕು ಬಿಡೋ," ಎಂದಳು. ಆದರೆ ಆ ಕುರ್ಚಿ ಅವಳ ತಲೆಯೊಳಗೆ ಬಂದು ಕೂತುಬಿಟ್ಟಿತು. ಹೊಲಿಯುವಾಗ, ಬಿಸಿನೀರಲ್ಲಿ ಕೈ ಅದ್ದುವಾಗ, ಬೆರಳು ಬಿಡಿಸುವಾಗ ಅದು ಕಾಣುತ್ತಿತ್ತು. ಒಂದು ವರ್ಷ ಎಂದಿದ್ದರು ಡಾಕ್ಟರು. ಅದರಲ್ಲಿ ನಾಲ್ಕು ತಿಂಗಳು ಆಗಲೇ ಹೋಗಿತ್ತು.

ಪರೀಕ್ಷೆಯ ಪಂದ್ಯದ ದಿನ ಅವಳು ಅರ್ಧ ದಿನ ರಜೆ ಹಾಕಿ ಕನ್ನಡಕದವಳ ಜೊತೆ ಮೈದಾನಕ್ಕೆ ಹೋದಳು. ಮಿಂಚು ಎಸೆದ. ದಾಂಡಿಗ ಬ್ಯಾಟು ಬೀಸಿದ ರಭಸಕ್ಕೆ ತಾನೇ ಒಂದು ಸುತ್ತು ತಿರುಗಿ ಮಂಡಿಯೂರಿ ಬಿದ್ದ. ಚೆಂಡು ಆಮೇಲೆ ಬಂತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯವನಿಗೂ ಅದೇ ಗತಿ, ಮೂರನೆಯವನಿಗೂ. ಸೀಟಿ ಸಾಹೇಬರ ಬಾಯಿಂದ ಸೀಟಿ ಕಳಚಿ ಎದೆಯ ಮೇಲೆ ತೂಗಾಡಿತು.

ಪಂದ್ಯ ಮುಗಿದು ಬೇಲಿಯ ಹತ್ತಿರ ಪತ್ರಿಕೆಯವನೊಬ್ಬ ಮಿಂಚನ್ನು ನಿಲ್ಲಿಸಿಕೊಂಡ. ಸೀಟಿ ಸಾಹೇಬರೂ ಪಕ್ಕದಲ್ಲಿದ್ದರು. ಅಕ್ಕ ಐದು ಹೆಜ್ಜೆ ಆಚೆ ಅವನ ನೀರಿನ ಬಾಟಲಿ ಹಿಡಿದು ನಿಂತಿದ್ದಳು.

"ಇದೇನ್ರೀ ಹೊಸ ಹಿಡಿತ? ಯಾರು ಕಲಿಸಿದ್ದು?"

ಮಿಂಚು ಬೆರಳು ಸುತ್ತಿ ತೋರಿಸಿದ. "ಇದಾ? ಉಂಗುರ ಅಂತ ಹೆಸರು. ಯಾರೂ ಕಲಿಸಿಲ್ಲ. ಒಂದಿನ ನನ್ನ ಹೆಂಡ್ತಿ ಕೈಯಲ್ಲಿರೋ ಮದುವೆ ಉಂಗುರ ನೋಡ್ತಾ ಕೂತಿದ್ದೆ. ಹಾಗೇ ಹೊಳೀತು."

ಪತ್ರಿಕೆಯವನು ಬರೆದುಕೊಂಡ. ಸೀಟಿ ಸಾಹೇಬರು ಅವನ ಬೆನ್ನು ತಟ್ಟಿದರು. ಕನ್ನಡಕದವಳು ಅಕ್ಕನ ಕಿವಿಯ ಹತ್ತಿರ ಬಾಗಿ, "ಇವನ ಹೆಂಡ್ತಿ ಉಂಗುರನ ಹೆಬ್ಬೆಟ್ಟಿಗೆ ಹಾಕ್ತಾಳೇನೇ?" ಎಂದಳು. ಅಕ್ಕ ನಗಲಿಲ್ಲ. ಬಾಟಲಿಯನ್ನು ಬೇಲಿಯ ಕಂಬದ ಮೇಲಿಟ್ಟು ಬಂದುಬಿಟ್ಟಳು.

ಭಾನುವಾರ ಅವನು ಓಣಿಗೆ ಬಂದಾಗ ಕಣ್ಣು ಎತ್ತಲಿಲ್ಲ. "ಅಲ್ಲಕ್ಕಾ, ಪೇಪರ್‌ನೋರ ಮುಂದೆ ಚೆಂಡು ಹೊಲಿಯೋಳು ಕಲಿಸಿದ್ಲು ಅಂದ್ರೆ ನಗಲ್ವಾ? ಬ್ಯಾಟಿಂಗ್ ಮಾಡೋರಿಗೆ ಹೆದರಿಕೆ ಇರುತ್ತಾ? ಸ್ವಲ್ಪ ದಿನ ಹೋಗ್ಲಿ. ಸೀಟಿ ಸಾಹೇಬ್ರು ಒಬ್ರೇ ಇದ್ದಾಗ ನಿಧಾನಕ್ಕೆ ಹೇಳ್ತೀನಿ."

"ಅಂತೂ ನಿಧಾನ ಚೆನ್ನಾಗಿ ಕಲ್ತೆ," ಎಂದಳು ಅಕ್ಕ.

ಎರಡು ತಿಂಗಳು ಉಂಗುರ ಊರೆಲ್ಲ ಮೆರೆಯಿತು. ತಮ್ಮನ ಹೆಂಡತಿ ಆ ಪತ್ರಿಕೆಯ ತುಂಡನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಆಮೇಲೆ ಏನಾಯಿತೋ, ದಾಂಡಿಗರು ಬೀಸುವ ಅವಸರ ಬಿಟ್ಟರು. ನಿಧಾನದ ಚೆಂಡು ಬರುತ್ತದೆ ಎಂದು ಮೊದಲೇ ಗೊತ್ತಿರುವವರ ಹಾಗೆ ಕಾದು ನಿಂತು ಬಾರಿಸತೊಡಗಿದರು. ಸತತವಾಗಿ ಮೂರು ಪಂದ್ಯ ಹೋಯಿತು. ಸೀಟಿ ಸಾಹೇಬರ ಸೀಟಿ ಮತ್ತೆ ಬಾಯಿಗೇರಿತು.

"ಅಕ್ಕಾ, ಏನಾಗಿದೆ ಅಂತ ಬಂದು ನೋಡೇ," ಎಂದು ಮಿಂಚು ಬಂದು ನಿಂತ.

ಅವಳಿಗೆ ಹೋಗಿ ನೋಡಬೇಕಾಗಿರಲಿಲ್ಲ. ಬೇಲಿಯಾಚೆ ನಿಂತ ಮೊದಲ ದಿನವೇ ಕಂಡಿತ್ತು. ಅವಳ ಬೆರಳು ಮೊದಲೇ ಸುತ್ತಿಕೊಂಡದ್ದು. ಚೆಂಡು ತಾನಾಗಿ ಜಾಗಕ್ಕೆ ಬೀಳುತ್ತಿತ್ತು. ಇವನದು ಆರೋಗ್ಯದ ಕೈ. ಎಸೆಯುವ ಮುಂಚೆ ಚೆಂಡನ್ನು ಇನ್ನೊಂದು ಕೈಯ ಗ್ಲೌಸಿನೊಳಗೆ ಮರೆಮಾಡಿ ಹಿಡಿಯುವಾಗ ಬೆರಳು ಸುತ್ತಿಕೊಳ್ಳಲು ಜಾಗ ಬೇಕು. ಅದಕ್ಕೇ ಆ ಎಸೆತಕ್ಕೆ ಮುಂಚೆ ಅವನ ಗ್ಲೌಸಿನ ಬುಡ ಕೋಳಿ ರೆಕ್ಕೆ ಎತ್ತಿದ ಹಾಗೆ ಅಗಲವಾಗುತ್ತಿತ್ತು. ವೇಗದ ಚೆಂಡಿಗೆ ಹಾಗಾಗುತ್ತಿರಲಿಲ್ಲ. ಈಗ ಅದು ಎದುರು ತಂಡದವರ ಕಣ್ಣಿಗೂ ಬಿದ್ದಿತ್ತು.

ಮೂರು ದಿನ ಅವಳು ಬಾಯಿ ಬಿಡಲಿಲ್ಲ. ಅವನೇ ಕಂಡುಹಿಡಿದದ್ದಲ್ಲವೇ, ಅವನೇ ನೋಡಿಕೊಳ್ಳಲಿ ಎಂದುಕೊಂಡಳು. ನಾಲ್ಕನೇ ದಿನ ಬಿಸಿನೀರಲ್ಲಿ ಕೈ ಇಟ್ಟು ಎಷ್ಟು ಹೊತ್ತಾದರೂ ಬೆರಳು ಬಿಡಲಿಲ್ಲ. ಆಗ ಆ ಕುರ್ಚಿ ಮತ್ತೆ ಕಣ್ಣ ಮುಂದೆ ಬಂತು. ಇವನ ಹೆಸರೇ ಪಟ್ಟಿಯಿಂದ ಹೋದರೆ ಸಾಹೇಬರ ಹತ್ತಿರ ಅವಳ ಮಾತೆತ್ತಲು ಯಾರಿದ್ದಾರೆ? ಅವನಿಗೆ ಹೇಳಿಕಳಿಸಿದಳು: "ಗ್ಲೌಸು ತಗೊಂಬಾ."

ಎರಡು ಭಾನುವಾರ ಹಿಡಿಯಿತು. ಗ್ಲೌಸಿನ ಬುಡದ ತೊಗಲುದಾರ ಬಿಚ್ಚಿ, ಒಳಗೆ ಕೈ ಹೊರಳುವಷ್ಟು ಜಾಗ ಬಿಟ್ಟು ಹೊಸದಾಗಿ ಕಟ್ಟಿದಳು. ಬೆರಳುಗಳ ನಡುವಿನ ಬಲೆಗೆ ತೊಗಲಿನ ಪಟ್ಟಿ ಹೊಲಿದು ಕಿಂಡಿಯೇ ಇಲ್ಲದಂತೆ ಮುಚ್ಚಿದಳು. ದಪ್ಪ ತೊಗಲು, ಪ್ರತಿ ಹೊಲಿಗೆಗೂ ಸೂಜಿಯನ್ನು ಹಲ್ಲಿನಿಂದ ಕಚ್ಚಿ ಎಳೆಯಬೇಕಾಯಿತು. ಗಂಟು ಎಲ್ಲಿ ಹಾಕಿದಳೆಂದು ಅವಳಿಗಲ್ಲದೆ ಇನ್ನೊಬ್ಬರಿಗೆ ತಿಳಿಯುವಂತಿರಲಿಲ್ಲ. ಅದಾದ ಮೇಲೆ ಎರಡು ದಿನ ಕೈ ಬಿಚ್ಚಲೇ ಇಲ್ಲ. ಕನ್ನಡಕದವಳೇ ಬಾಚಣಿಗೆ ಹಿಡಿದು ಅವಳ ತಲೆ ಬಾಚಿದಳು.

ದಾಂಡಿಗರು ಮತ್ತೆ ಮಂಡಿಯೂರತೊಡಗಿದರು. ದೊಡ್ಡ ಪಂದ್ಯ ಗೆದ್ದ ದಿನ ಮಿಂಚಿನ ಕೈಗೆ ಮೈಕು ಕೊಟ್ಟರು. ಅವನು ಗ್ಲೌಸನ್ನು ಮೇಲೆತ್ತಿ ಹಿಡಿದು, "ಇದು ನಮ್ಮಕ್ಕನ ಕೈಗುಣ. ಈ ಗ್ಲೌಸು ಹೊಲಿದುಕೊಟ್ಟೋಳು ಅವಳೇ," ಎಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ ಎಂಬುದಕ್ಕೇ ಅಕ್ಕನಿಗೆ ಹೆಚ್ಚು ಉರಿಯಿತು.

ಮರುವಾರ ಸೀಟಿ ಸಾಹೇಬರು ಹೇಳಿಕಳಿಸಿದರು. "ನೋಡಿದ್ಯಾ, ನಾನು ಹೇಳಿರ್ಲಿಲ್ವಾ? ನಿನ್ನನ್ನೇ ಕರೀತಿದಾರೆ," ಎಂದ ಮಿಂಚು. ಹೇಳಿದ್ಯೇನೋ ಎಂದು ಅವಳು ಕೇಳಲಿಲ್ಲ, ಹೇಳಿರಬೇಕು ಎಂದುಕೊಂಡಳು. ಒಗೆದು ಮಡಿಸಿಟ್ಟಿದ್ದ ಬಟ್ಟೆ ಉಟ್ಟು ಹೋದಳು.

ಸಾಹೇಬರ ಕೋಣೆ ಮೈದಾನದ ಮೆಟ್ಟಿಲುಗಳ ಅಡಿಯಲ್ಲಿತ್ತು. ನೋವಿನ ಎಣ್ಣೆಯ ವಾಸನೆ. ಮೇಲೆ ಯಾರೋ ಗುಡಿಸುತ್ತಾ ಹೋಗುವ ಸದ್ದು. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಅಲ್ಲಿ ನಿಜವಾಗಿಯೂ ಒಂದು ಕುರ್ಚಿ ಇತ್ತು. ಖಾಲಿ ಇತ್ತು. ಅಕ್ಕ ಅದನ್ನು ಎರಡು ಸಲ ನೋಡಿದಳು.

"ನಿಮ್ಮ ಕೆಲಸ ನೋಡ್ದೆ ಕಣಮ್ಮ. ಅಪರೂಪದ ಕೈ," ಎಂದರು ಸಾಹೇಬರು. "ನಮ್ಮ ತಂಡದ್ದು ಮೂವತ್ತು ಗ್ಲೌಸು ಇದಾವೆ. ಎಲ್ಲಾದ್ರ ಹೊಲಿಗೆ ರಿಪೇರಿ ನೀವೇ ನೋಡ್ಕೊಳ್ಳಿ. ಹಿಂದುಗಡೆ ಒಂದು ರೂಮು ಕೊಡ್ತೀವಿ. ಇಲ್ಲೊಂದು ಸಹಿ ಹಾಕಿ."

ಅಕ್ಕ ತಮ್ಮನ ಕಡೆ ತಿರುಗಿದಳು. ಅವನು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ದಾರ ಬಿಚ್ಚಿರಲಿಲ್ಲ.

ಅವಳು ಪೆನ್ನು ತೆಗೆದುಕೊಂಡಳು. ಹೆಬ್ಬೆರಳು, ತೋರುಬೆರಳು ಬಿಚ್ಚಲಿಲ್ಲ. ಪೆನ್ನು ಉಳಿದ ಮೂರು ಬೆರಳಿನಲ್ಲಿ ಕೂತಿತು. ಸಾಹೇಬರು ಆ ಕೈಯನ್ನೇ ನೋಡಿದರು. ನಲವತ್ತು ವರ್ಷದಿಂದ ಬೆರಳು ನೋಡುವುದೇ ಅವರ ಕಸುಬು. ಸೀಟಿಯನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮಾ, ಈ ಹಿಡಿತ ನಿಮಗೆಲ್ಲಿಂದ ಬಂತು?"

ಮಿಂಚು ಬಗ್ಗಿದವನು ಬಗ್ಗಿಯೇ ಇದ್ದ. ಒಂದು ಮಾತು ಸಾಕಿತ್ತು. ಅದು ಅವಳ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಇಪ್ಪತ್ತೊಂಬತ್ತು ವರ್ಷ ಒಂದೇ ಪಾಠ ಕಲಿತ ಕೈ. ಕಣ್ಣೆದುರು ಗಂಟು ಇಣುಕಿದ್ದೇ ತಡ, ಒಳಗೆ ನೂಕಿಬಿಟ್ಟಿತು. ಅವಳು ಬೆರಳುಗಳನ್ನು ಸೆರಗಿನಡಿಗೆ ಎಳೆದುಕೊಂಡಳು.

"ಹೊಲಿದೂ ಹೊಲಿದೂ ಹೀಗಾಯ್ತು ಸಾರ್," ಎಂದಳು.

ಬೂಟಿನ ಹತ್ತಿರ ಒಂದು ಉಸಿರು ಬಿಟ್ಟ ಸದ್ದಾಯಿತು. ಸಾಹೇಬರು ಅವಳನ್ನೂ ಅವನನ್ನೂ ಒಮ್ಮೆ ನೋಡಿದರು. ತಿಳಿಯಿತೋ, ತಿಳಿದೂ ಬಿಟ್ಟರೋ, ಹೇಳುವಂತಿಲ್ಲ. ತಂಡ ಗೆಲ್ಲುತ್ತಿತ್ತು. ಅವರು ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಹಾಗಾದ್ರೆ ಈ ಕೈಯಲ್ಲಿ ಮೂವತ್ತು ಗ್ಲೌಸು ಹೊಲಿಯೋದು ಹೇಗಮ್ಮ? ಬೇಡ ಬಿಡಿ. ಕೈ ನೋಡ್ಕೊಳ್ಳಿ."

ವಾಪಸ್ಸು ಬರುವಾಗ ಮಿಂಚು ಎರಡು ಹೆಜ್ಜೆ ಮುಂದೆಯೇ ನಡೆದ. ಲಾಂಡ್ರಿಯ ಮೂಲೆ ಬಂದಾಗ ಹೇಳಿದ: "ಅಕ್ಕಾ, ಅವರೇ ಬಾಯಿಬಿಟ್ಟು ಕೇಳಿದ್ರಲ್ಲ, ನೀನಾದ್ರೂ ಹೇಳಬಹುದಿತ್ತು. ನಾನೇನು ತಡೀತಿದ್ನಾ?"

ಅಕ್ಕ ಅವನ ಮುಖ ನೋಡಿದಳು. ಅವನು ಅದನ್ನು ನಂಬಿಕೊಂಡೇ ಹೇಳುತ್ತಿದ್ದ.

ಆ ಕುರ್ಚಿಗೆ ಬೇರೆ ಯಾರೋ ಬಂದರು. ಉಂಗುರದ ಹಿಡಿತವನ್ನು ಅವರೇ ಈಗ ಕಲಿಸುತ್ತಾರಂತೆ. ಡಾಕ್ಟರು ಕೊಟ್ಟ ಒಂದು ವರ್ಷ ಮುಗಿಯಿತು. ಮೇಲೆ ನಾಲ್ಕು ತಿಂಗಳೂ ಆಯಿತು. ಅಕ್ಕ ಈಗಲೂ ಅದೇ ಬೆಂಚಿನಲ್ಲಿ ಕೂರುತ್ತಾಳೆ. ಬಲಗೈಯ ಸೂಜಿಯನ್ನು ಬೆಳಿಗ್ಗೆ ಕನ್ನಡಕದವಳು ಆ ಎರಡು ಬೆರಳ ಸಂದಿಗೆ ಸಿಕ್ಕಿಸಿಕೊಡುತ್ತಾಳೆ, ಸಂಜೆ ಎಳೆದು ತೆಗೆಯುತ್ತಾಳೆ. ನಡುಬೆರಳೂ ಈಗ ಒಳಕ್ಕೆ ಬಾಗಿದೆ. ಚೆಂಡು ಹಿಡಿಯಲು ಉಳಿದಿರುವುದು ಕೊನೆಯ ಎರಡೇ ಬೆರಳು. ಒಂದು ಸಂಜೆ ಓಣಿಯಲ್ಲಿ ಯಾರೂ ಇಲ್ಲದಾಗ ಅವಳು ಹಾಗೇ ಒಂದು ಚೆಂಡನ್ನು ಗೋಡೆಯ ಚೌಕಕ್ಕೆ ಎಸೆದಳು. ಅದು ನೆಟ್ಟಗೆ ಹೋಗಿ, ಕೊನೆಗಳಿಗೆಯಲ್ಲಿ ಯಾರೋ ಪಕ್ಕದಿಂದ ಎಳೆದ ಹಾಗೆ ಅಡ್ಡ ಜಾರಿ, ಪೈಪಿಗೆ ಬಡಿಯಿತು. ಮತ್ತೊಂದು ಎಸೆದಳು. ಅದೂ ಹಾಗೇ ಜಾರಿತು. ಅಂಥದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಚೆಂಡುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಈ ಸಲದ ಆಟ ಶುರುವಾಗುವ ಮುಂಚೆ ಮಿಂಚು ಓಣಿಗೆ ಬಂದ. "ಅಕ್ಕಾ, ಉಂಗುರ ಎಲ್ರಿಗೂ ಅಭ್ಯಾಸ ಆಗೋಗಿದೆ. ಬೇರೆ ಏನಾದ್ರೂ ಹೊಳೆಯುತ್ತಾ ನೋಡೇ. ನಿನಗೇ ತಾನೇ ಹೊಳೆಯೋದು?"

"ಏನೂ ಇಲ್ಲ ಕಣೋ," ಎಂದಳು ಅಕ್ಕ.

ಹಳೇ ಗ್ಲೌಸು ಹಾಕಿಕೊಂಡು ಚೌಕದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವನು ಎಸೆದ, ಅವಳು ಹಿಡಿದಳು. ಗ್ಲೌಸು ಕಳಚಿ, ಚೆಂಡನ್ನು ಎಡಗೈಗೆ ತೆಗೆದುಕೊಂಡು, ನೆಲದ ಮೇಲೆ ಅವನ ಕಾಲಿನತ್ತ ಉರುಳಿಸಿಬಿಟ್ಟಳು.

"ಎಸಿಯಕ್ಕಾ. ಯಾಕೆ ಉರುಳಿಸ್ತೀಯ?"

"ಕೈ ನೋವು ಕಣೋ," ಎಂದಳು.